ನೀರಿನಲ್ಲಿ ಮುಚ್ಚಿಹೋದ ಆಲ್ಬುಮಿನ್

ಬಸಿರಿಗೆ ಏಳು ತಿಂಗಳಾದಾಗ ನನ್ನ ಕಾಲುಂಗುರಗಳು ಬೆರಳೊಳಗೆ ಹೂತುಹೋದವು. ಪಾದ ಬಾತಿತ್ತು. ಒತ್ತಿದರೆ ಕುಳಿ ಬೀಳುತ್ತಿತ್ತು. ಧಾರವಾಡದ ಲೇಡಿ ಡಾಕ್ಟರು ನನ್ನ ಯೂರಿನ್ನನ್ನು ಟೆಸ್ಟ್ ಟ್ಯೂಬಿನಲ್ಲಿ ಹಾಕಿ, ಸ್ಪಿರಿಟ್ ದೀಪದ ಮೇಲೆ ಕಾಸಿ, ಆಸಿಡ್ ಹನಿಸಿದರು. ಮೇಲೆ ಬಿಳಿ ಮಬ್ಬು ಕಟ್ಟಿತು.

"ಆಲ್ಬುಮಿನ್ ಅದ, ರಕ್ತದಾಗಿನ ಪ್ರೋಟೀನು ಸೋರಲಿಕ್ಕತ್ತದ. ಬಿ.ಪಿ.ನೂ ಏರೇದ. ಉಪ್ಪು ಬಿಡ್ರಿ, ಮಲಕೊಂಡ ಇರ್ರಿ. ಮುಂದಿನ ವಾರ ಮತ್ತ ನೋಡೂಣು."

ನನ್ನ ಗಂಡನ ಕಾಕಾ ಆಗ ನಮ್ಮ ಮನೆಯಲ್ಲೇ ಇದ್ದರು. ಹುಬ್ಬಳ್ಳಿಯ ಹತ್ತಿ ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟು, ಜಲಚಿಕಿತ್ಸೆಯ ಒಂದು ಪುಸ್ತಕ ಓದಿ ವೈದ್ಯರಾದವರು. ಅರ್ಧ ಪುಸ್ತಕ ಎನ್ನಬೇಕು. ಉಳಿದರ್ಧ ಓದಿದ್ದರೆ ಸ್ವಲ್ಪ ಅನುಮಾನವಾದರೂ ಬರುತ್ತಿತ್ತು.

"ಅದು ಮೈಯಾಗಿನ ಹೊಲಸು. ನೀರು ಕುಡದ್ರ ತೊಳಕೊಂಡ ಹೋಗತೈತಿ," ಎಂದರು.

ತಪಾಸಣೆಯ ದಿನ ಬೆಳಿಗ್ಗೆಯಿಂದಲೇ ತಂಬಿಗೆಯ ಮೇಲೆ ತಂಬಿಗೆ ಕುಡಿಸಿದರು. ನನ್ನ ಗಂಡ ಹಿರಿಯರೆದುರು ಬಾಯಿ ತೆರೆಯದ ಸಭ್ಯರು. ಡಾಕ್ಟರು ಅಂದು ರಜೆಯಲ್ಲಿದ್ದರು. ಬದಲಿಗೆ ಬಂದಿದ್ದವರು ಟ್ಯೂಬ್ ಕಾಸಿದರು. ನೀರಿನಂಥ ಯೂರಿನ್ ತಿಳಿಯಾಗಿಯೇ ಉಳಿಯಿತು. "ಆಲ್ಬುಮಿನ್ ಇಲ್ಲ," ಎಂದರು. ಬಿ.ಪಿ. ನೋಡುವ ಗೋಜಿಗೇ ಹೋಗಲಿಲ್ಲ.

ಕಾಕಾ ಓಣಿಗೆಲ್ಲ ಸುದ್ದಿ ಹಂಚಿದರು. ಅಂದೇ ನನ್ನ ತಾಟಿಗೆ ಉಪ್ಪಿನಕಾಯಿ ಬಿತ್ತು.

ಆ ವಾರವೇ ತಲೆ ಸಿಡಿಯತೊಡಗಿತು. ವಾಂತಿ. ಎದುರು ಕುಳಿತ ಗಂಡನ ಮುಖ ಎರಡಾಗಿ ಕಂಡಿತು.

ಎರಡೂ ಮಾತಾಡಲಿಲ್ಲ.

ನಾನೇ ಟಾಂಗಾ ಕರೆಸಿದೆ. ಡಾಕ್ಟರು ಮರಳಿದ್ದರು. ಬಿ.ಪಿ. ನೋಡಿದವರೇ ಅಡ್ಮಿಟ್ ಎಂದರು. ಬೆಳಗಿನಿಂದ ಹನಿ ನೀರೂ ನನ್ನ ಹೊಟ್ಟೆಯಲ್ಲಿ ನಿಂತಿರಲಿಲ್ಲ. ಈ ಸಲ ಟ್ಯೂಬಿನಲ್ಲಿ ಮೊಸರಿನಂತೆ ಗಟ್ಟಿ ಬಿಳುಪು.

ಹಿಂದೆಯೇ ಬಂದ ಕಾಕಾ ವಾದಕ್ಕಿಳಿದರು. "ಹ್ವಾದ ವಾರ ಇರಲಿಲ್ಲಲ್ರೀ?"

"ಇತ್ತು. ನೀರು ಕುಡಿಸಿ ತೆಳ್ಳಗ ಮಾಡಿದ್ರಿ, ಟೆಸ್ಟಿನ್ಯಾಗ ಕಾಣಲಿಲ್ಲ. ಸಾರಿಗೆ ನೀರು ಸುರುವಿದ್ರ ಹಾಕಿದ ಉಪ್ಪು ಎಲ್ಲೆ ಹೋಗತದರೀ? ರುಚಿ ಸಪ್ಪಗಾಗತದ, ಅಷ್ಟ."

ಕಾಕಾ ಯೋಚಿಸಿದರು. ಆ ತಲೆಯಲ್ಲಿ ಯೋಚನೆ ನಡೆಯುವುದನ್ನು ನೋಡುವುದೂ ಒಂದು ಶಿಕ್ಷೆಯೇ.

"ನೀರು ಕಡಿಮಿ ಆಗಿರಬೇಕ ಬಿಡ್ರಿ," ಎಂದರು.

"ಇವರನ್ನ ಹೊರಗ ಕರಕೊಂಡ ಹೋಗ್ರಿ," ಎಂದು ಗಂಡನಿಗೆ ಕೂಗಿದೆ. ಅವರು ಕರೆದೊಯ್ದರು. ಮದುವೆಯಾದ ಮೇಲೆ ನಾನು ಕಂಡ ಅವರ ಮೊದಲ ಧೈರ್ಯ.

ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಅಂಗೈಯಗಲದ ಬೆನ್ನು. ಅಳಲೂ ಶಕ್ತಿಯಿರಲಿಲ್ಲ. ಈಗ ಹಾಲೆಳೆದು ಕುಡಿಯುತ್ತಾಳೆ. ನನ್ನ ಬಾವು ಇಳಿದಿದೆ. ರಾತ್ರಿಯೆಲ್ಲ ನಿಂತು ದಟ್ಟವಾದ ಬೆಳಗಿನ ಮೊದಲ ಯೂರಿನ್ನಲ್ಲೂ ಮಬ್ಬಿಲ್ಲ. ಡಾಕ್ಟರಿಗೆ ಮನಸ್ಸಿನಲ್ಲೇ ದಿನವೂ ಕೈಮುಗಿಯುತ್ತೇನೆ, ನಾಳೆಯ ಬಗ್ಗೆ ಹೆಚ್ಚು ಕೇಳುವುದಿಲ್ಲ.

ಹೋದ ವಾರ ತೊಟ್ಟಿಲಿಗೆ ಹಾಕಿದೆವು. ತಮ್ಮ ನೀರೇ ಕೂಸನ್ನು ಉಳಿಸಿತೆಂದು ಕಾಕಾ ನೆಂಟರಿಗೆ ಹೇಳುತ್ತಿದ್ದರು. ನಾನು ತಿದ್ದಲಿಲ್ಲ.

ಕೂಸನ್ನು ಅವರ ಕೈಗೆ ಕೊಡಲೂ ಇಲ್ಲ.