ಅಂಕಿಯ ಪಕ್ಕದಲ್ಲಿ ಬರೆದ ಮಾತು

2023ರ ಅಕ್ಟೋಬರ್. ನಾನಾಗ ಕೊಲ್ಹಾಪುರದ ಒಂದು ಚಿಕ್ಕ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹಿರಿಯ ಡೇಟಾ ಎಂಜಿನಿಯರ್. ಹತ್ತೊಂಬತ್ತು ವರ್ಷಗಳ ಅನುಭವವಿತ್ತು, ಅದರ ಜೊತೆಗೆ ಸ್ವಲ್ಪ ಜಂಬವೂ ಇತ್ತು. ಒಂದು ಧರ್ಮಾರ್ಥ ಆಸ್ಪತ್ರೆಯ ಕೆಲಸ ನನ್ನ ಪಾಲಿಗೆ ಬಂತು. ಮುಖ್ಯ ಆಸ್ಪತ್ರೆ ಕೊಲ್ಹಾಪುರದಲ್ಲಿ. ಬಸುರಿಯರ ತಪಾಸಣೆಗೆಂದು ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಒಂದು ಕೇಂದ್ರ, ಗಡಹಿಂಗ್ಲಜದಲ್ಲಿ ಇನ್ನೊಂದು.

ಮೂರೂ ಕಡೆಯ ಸಿಸ್ಟರುಗಳು ಬಸುರಿಯರ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಅಂಕಿಗಳನ್ನು ದಿನಾಲೂ ಒಂದು ಫೈಲಿನಲ್ಲಿ ತುಂಬಿ ಕ್ಲೌಡ್ ಸ್ಟೋರೇಜಿಗೆ, ಅಂದರೆ ಇಂಟರ್ನೆಟ್ಟಿನ ಮೇಲಿನ ಉಗ್ರಾಣಕ್ಕೆ, ಏರಿಸುತ್ತಿದ್ದರು. ಏರಿಸಿದ್ದು ಅಲ್ಲೇ ಬಿದ್ದಿರುತ್ತಿತ್ತು. ಆ ಉಗ್ರಾಣವನ್ನು ಒಂದು ಅನಾಲಿಟಿಕ್ಸ್ ವೇದಿಕೆಗೆ, ಅಂದರೆ ಅಂಕಿಗಳನ್ನು ವಿಶ್ಲೇಷಿಸುವ ತಂತ್ರಾಂಶಕ್ಕೆ, ಜೋಡಿಸುವುದು ನನ್ನ ಕೆಲಸ. ವೇದಿಕೆ ಪ್ರತಿದಿನ ಬೆಳಿಗ್ಗೆ ಆರಕ್ಕೆ ಫೈಲುಗಳನ್ನು ತಾನಾಗಿ ಓದಬೇಕು; ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿರುವವರ, ಅಂದರೆ ರಕ್ತ ತೀರಾ ಕಡಿಮೆ ಇರುವವರ, ಕಾರ್ಡ್ ನಂಬರು ಡಾಕ್ಟರರ ಪರದೆಯ ಮೇಲೆ ಕೆಂಪಗೆ ಕಾಣಬೇಕು. ಕೆಂಪು ಹೆಚ್ಚಿರುವ ಕೇಂದ್ರಕ್ಕೆ ಆ ವಾರ ಡಾಕ್ಟರರ ಜೀಪು ಹೋಗಬೇಕೆಂಬುದು ಯೋಜನೆ. ಇದ್ದದ್ದು ಒಂದೇ ಜೀಪು.

ಜೋಡಣೆಗೆ ಮೊದಲು ಫೋಲ್ಡರಿನ ಅನುಮತಿ ಬೇಕು. ಗಡಹಿಂಗ್ಲಜದ ಫೋಲ್ಡರು ಮಹಾನಂದಾ ಸಿಸ್ಟರ್ ಅವರ ಖಾತೆಯಲ್ಲಿತ್ತು. ಐವತ್ತು ದಾಟಿದವರು, ಸುತ್ತಲಿನ ಗಡಿಹಳ್ಳಿಗಳ ಎಷ್ಟೋ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಅವರದು. ಫೋನ್ ಮಾಡಿದೆ.

"ನನ್ನ ಫೋಲ್ಡರಿನ ಕೀಲಿ ನಿಮಗ್ಯಾಕ ಬೇಕ್ರಿ?" ಎಂದರು.

"ಓದಾಕ ಅಷ್ಟರೀ ಸಿಸ್ಟರ್. ಬದಲ್ ಮಾಡಾಕ ನಮಗ ಬರಂಗಿಲ್ಲ."

ನಮ್ಮ ಮನೆ ಗಡಿಯ ಕುರುಂದವಾಡದ್ದು. ಶಾಲೆ ಮರಾಠಿ, ಅವ್ವನ ಮಾತು ಕನ್ನಡ. ನನ್ನ ಬಾಯಲ್ಲೂ ಅವರದೇ ಕನ್ನಡ ಕೇಳಿದ್ದೇ ತಡ, ಅವರ ದನಿ ಮೆತ್ತಗಾಯಿತು.

"ಹಂಗಂದ್ರ ನೋಡೂದು ಅಷ್ಟ, ಮುಟ್ಟೂದಿಲ್ಲ. ಆತು, ನೋಡ್ರಿ."

'ರೀಡ್ ಓನ್ಲಿ' ಎಂಬ ನಮ್ಮ ಪದಕ್ಕೆ ಇದಕ್ಕಿಂತ ಚೆಂದದ ವಿವರಣೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ನಾಲ್ಕು ದಿನದಲ್ಲಿ ಜೋಡಣೆ ಮುಗಿಯಿತು. ಯಾವ ಕಾಲಮ್ಮಿನಲ್ಲಿ ಅಂಕಿ ಇರುತ್ತದೆ, ಯಾವುದರಲ್ಲಿ ಅಕ್ಷರ ಇರುತ್ತದೆ ಎಂದು ವೇದಿಕೆಗೆ ಮೊದಲೇ ಹೇಳಿಕೊಡಬೇಕು. ಇದಕ್ಕೆ ಸ್ಕೀಮಾ ಎನ್ನುತ್ತೇವೆ. ಅಂಕಿ ಇರಬೇಕಾದ ಕಡೆ ಬೇರೇನಾದರೂ ಕಂಡರೆ ಏನು ಮಾಡಲಿ ಎಂದು ಅದು ಕೇಳುತ್ತದೆ. 'ಆ ಸಾಲನ್ನು ಬಿಟ್ಟುಬಿಡು' ಎಂಬ ಆಯ್ಕೆಯನ್ನು ಒತ್ತಿದೆ. ಬಿಟ್ಟ ಸಾಲುಗಳು ಬೇರೊಂದು ಫೈಲಿನಲ್ಲಿ ಬೀಳುತ್ತವೆ. ಅದನ್ನು ಸಾಮಾನ್ಯವಾಗಿ ಯಾರೂ ತೆರೆಯುವುದಿಲ್ಲ. ನಾನೂ ತೆರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಮೂರೂ ಕೇಂದ್ರಗಳ ವಿಡಿಯೋ ಸಭೆ. ಮೊದಲ ಸಲ ಪಟ್ಟಿ ಪರದೆಯ ಮೇಲೆ ಮೂಡಿತು. ಇಚಲಕರಂಜಿ ಒಂಬತ್ತು ಕೆಂಪು, ಕೊಲ್ಹಾಪುರ ನಾಲ್ಕು, ಗಡಹಿಂಗ್ಲಜ ಸೊನ್ನೆ.

"ಶಾಬ್ಬಾಸ್ ಸಿಸ್ಟರ್, ಕಮಾಲ್ ಕೇಲೀತ!" ಎಂದು ಹಿರಿಯ ಡಾಕ್ಟರರು ಮರಾಠಿಯಲ್ಲಿ ಹೊಗಳಿ, ಜೀಪು ಇಚಲಕರಂಜಿಗೆ ಎಂದು ತೀರ್ಮಾನಿಸಿದರು.

ಮಹಾನಂದಾ ಸಿಸ್ಟರ್ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರವಾದರು. "ಅದ್ಹೆಂಗ್ರಿ? ನಮ್ಮ ಲಗಮವ್ವ ಎಲ್ಲಿ ಅದಾಳ ಇದರಾಗ?"

"ಫೈಲಿನಾಗ ಇದ್ರ ಇಲ್ಲಿ ಬಂದ ಬರತೈತ್ರಿ," ಎಂದೆ. ಆ ಉತ್ತರ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

"ಫೈಲಿನಾಗ ಐತ್ರಿ, ನಾನ ಬರದೇನಿ. ಎಂಟ್ ತಿಂಗಳ ಬಸರಿ. ನಾಳೆ ಮುಂಜಾನೆ ಕುರಿ ಹೊಡಕೊಂಡ ಕೊಂಕಣಕ್ಕ ಹೊಂಟಾರ. ನಾ ಹೇಳಿದ್ರ ಕೇಳವಲ್ಲಳು, ಡಾಕ್ಟರ್ ಬಂದು ಹೇಳ್ತಾರಂತ ಹಾದಿ ಕಾಯಾಕತ್ತೇನಿ."

ಸಭೆ ನಡೆಯುತ್ತಿದ್ದಂತೆಯೇ ಅವರ ಫೈಲು ತೆರೆದೆ. ಲಗಮವ್ವನ ಸಾಲು ಇತ್ತು. ಹಿಮೋಗ್ಲೋಬಿನ್ ಖಾನೆಯಲ್ಲಿ ಹೀಗೆ ಬರೆದಿತ್ತು: '6.4 ಭಾಳ ಕಮ್ಮಿ, ಈಕೀನ ಬಿಡಬ್ಯಾಡ್ರಿ.'

ಬಿಟ್ಟ ಸಾಲುಗಳ ಫೈಲು ತೆರೆದೆ. ಹನ್ನೊಂದು ಸಾಲು, ಎಲ್ಲವೂ ಗಡಹಿಂಗ್ಲಜದವು, ಎಲ್ಲದರಲ್ಲೂ ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗೆ. ಆರೋಗ್ಯವಾಗಿದ್ದವರ ಮುಂದೆ ಸಿಸ್ಟರ್ ಬರೀ ಅಂಕಿ ಬರೆದಿದ್ದರು. ಯಾರನ್ನು ಕಂಡು ಅವರ ಎದೆ ಝಲ್ಲೆಂದಿತ್ತೋ ಅವರ ಅಂಕಿಯ ಪಕ್ಕದಲ್ಲಿ ಮಾತ್ರ ಒಂದು ಮಾತು ಸೇರಿಸಿದ್ದರು. ಆ ಮಾತಿನಿಂದಾಗಿಯೇ ಅದು ಅಂಕಿಯಲ್ಲವೆಂದು ನನ್ನ ವೇದಿಕೆ ಸಾಲನ್ನೇ ಕೆಡವಿತ್ತು. ಯಾರನ್ನು ಬಿಡಬೇಡಿ ಎಂದು ಸಿಸ್ಟರ್ ಬೇಡಿಕೊಂಡಿದ್ದರೋ ಅವರನ್ನೇ ನಾನು ಆರಿಸಿ ಆರಿಸಿ ಬಿಟ್ಟಿದ್ದೆ.

"ತಪ್ಪು ನನ್ನದು. ಗಡಹಿಂಗ್ಲಜದಲ್ಲಿ ಹನ್ನೊಂದು ಜನರಿದ್ದಾರೆ," ಎಂದು ಎಲ್ಲರೆದುರು ಮರಾಠಿಯಲ್ಲಿ ಹೇಳಿದೆ. ಡಾಕ್ಟರರು ಬಯ್ಯಲಿಲ್ಲ. ಇಚಲಕರಂಜಿಯ ಒಂಬತ್ತು ಮಂದಿಯನ್ನು ಬಸ್ಸಿನಲ್ಲಿ ಕೊಲ್ಹಾಪುರಕ್ಕೇ ಕರೆತರಲು ಅಲ್ಲಿನ ಸಿಸ್ಟರಿಗೆ ತಿಳಿಸಿ, ಜೀಪಿನ ಕಡೆ ನಡೆದರು. ನಾನೂ ಹತ್ತಿ ಕುಳಿತೆ. ಕರೆದವರು ಯಾರೂ ಇರಲಿಲ್ಲ.

ಮಧ್ಯಾಹ್ನ ನಾವು ಮುಟ್ಟುವ ಹೊತ್ತಿಗೆ ಸಿಸ್ಟರ್ ಊರ ಹೊರಗಿನ ಹೊಲದಲ್ಲಿ ಲಗಮವ್ವನ ಪಕ್ಕ ಕುಳಿತು ಅವಳಿಗೆ ಶೇಂಗಾ ಉಂಡೆ ತಿನ್ನಿಸುತ್ತಿದ್ದರು. ಸುತ್ತಲೂ ಕುರಿಗಳು. ಇಪ್ಪತ್ತೆರಡರ ಹುಡುಗಿ, ತುಟಿ ಕಾಗದದಂತೆ ಬೆಳ್ಳಗಿತ್ತು. ಎದ್ದು ನಿಲ್ಲುವಷ್ಟಕ್ಕೇ ಏದುಸಿರು. ಡಾಕ್ಟರರು ಕಣ್ಣ ರೆಪ್ಪೆ ಬಿಡಿಸಿ ನೋಡಿ, ಇವತ್ತೇ ದಾಖಲಾಗಬೇಕು ಎಂದರು. ಸಿಸ್ಟರ್ ಅದನ್ನು ಕನ್ನಡದಲ್ಲಿ ಹೇಳಿದರು.

"ಮರಿ ಹಾಕೂ ಕುರಿ ಭಾಳ ಅದಾವ್ರಿ, ಅವನ್ನ ಯಾರ್ ನೋಡ್ತಾರ?" ಎಂದಳು ಲಗಮವ್ವ.

ಕೋಲೂರಿ ನಿಂತಿದ್ದ ಅವಳ ಗಂಡ ಮುಂದೆ ಬಂದ. "ಕುರಿ ನಾ ನೋಡ್ತೇನಿ. ಕುರಿ ನೋಡಾಕ ಬರತೈತಿ ನನಗ, ನಿನ್ನ ನೋಡಾಕ ಬರಂಗಿಲ್ಲ. ಹೋಗ."

ಅವಳು ಕಂಬಳಿ ಹೊದ್ದು ಜೀಪು ಹತ್ತಿದಳು. ಕೊಲ್ಹಾಪುರದಲ್ಲಿ ಎರಡು ಬಾಟಲಿ ರಕ್ತ ಕೊಟ್ಟರು. ಐದು ವಾರದ ನಂತರ ಹೆಣ್ಣುಮಗು ಹುಟ್ಟಿತು. ತಾಯಿ, ಮಗಳು ಇಬ್ಬರೂ ಕ್ಷೇಮ. ಉಳಿದ ಹತ್ತು ಜನರನ್ನೂ ಡಾಕ್ಟರರು ಅದೇ ವಾರ ನೋಡಿದರು.

ಹೆರಿಗೆಯ ಸುದ್ದಿ ಬಂದ ದಿನ ಸಿಸ್ಟರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಜೋರಾಗಿ ನಕ್ಕರು. "ನಂದೂ ತಪ್ಪೈತ್ರಿ. ಅಂಕಿ ಖಾನೇದಾಗ ಮಾತ ಬರೀಬಾರದಿತ್ತು. ಇನ್ನ ಬರಿಯೂದಿಲ್ಲ."

"ಬರೀರಿ ಸಿಸ್ಟರ್," ಎಂದೆ. "ಓದೂದು ನಾ ಕಲೀತೇನಿ."

ಅಷ್ಟರಲ್ಲಾಗಲೇ ಜೋಡಣೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿದ್ದೆ. ಖಾನೆಯನ್ನು ಮೊದಲು ಅಕ್ಷರವೆಂದೇ ಓದಿಸಿ, ಅಂಕಿಯನ್ನು ಬೇರೆ ತೆಗೆದು, ಪಕ್ಕದ ಮಾತನ್ನು ಹಾಗೇ ಉಳಿಸುವಂತೆ ಮಾಡಿದೆ. ಓದಲಾಗದ ಸಾಲು ಇನ್ನು ಕೆಳಗೆ ಬೀಳುವುದಿಲ್ಲ; ಡಾಕ್ಟರರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ.

ನನ್ನ ಕೈಕೆಳಗೆ ಈಗ ಆರು ಎಂಜಿನಿಯರುಗಳಿದ್ದಾರೆ. ಅವರಿಗೆ ನಾನು ಹಾಕಿರುವ ನಿಯಮ ಒಂದೇ: ಯಾವ ಪಟ್ಟಿಯನ್ನೂ ಯಾರಿಗೂ ತೋರಿಸುವ ಮುಂಚೆ, ಫೈಲು ತುಂಬಿದವರ ಹತ್ತಿರ ಹೋಗಿ ಕುಳಿತು, ಯಂತ್ರ ಬೇಡವೆಂದ ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಬೇಕು. ಆ ಸಾಲುಗಳಲ್ಲಿ ಇರುವವರನ್ನು ಬಲ್ಲವರು ಫೈಲು ತುಂಬಿದವರೇ. ಇದರಿಂದ ಕೆಲಸ ಎರಡು ದಿನ ತಡವಾಗುತ್ತದೆ ಎಂದು ಹುಡುಗರು ಗೊಣಗುತ್ತಾರೆ. ಹೌದು, ಆಗುತ್ತದೆ. ಆಗಲಿ.