ಕಡೆಯ ಎರಡು ಪುಟ

ಕಥೆಗಳನ್ನು ಪೂರ್ತಿ ಓದಿ ಮುಗಿಸುವುದಿಲ್ಲ ಎಂಬ ಆರೋಪದ ಮೇಲೆ ನನ್ನ ಭಾನುವಾರದ ತರಗತಿಯನ್ನು ನಮ್ಮ ಕನ್ನಡ ಬಳಗದವರು ನಿಲ್ಲಿಸಿದ್ದಾರೆ. ಆರೋಪ ಅಕ್ಷರಶಃ ನಿಜ.

ಸೂರತ್ತಿನ ಅಡಾಜಣ್‌ನಲ್ಲಿ ವರ್ಗವಾಗಿ ಬಂದು ನೆಲೆಸಿದ ಕೆಲವು ಕುಟುಂಬಗಳು ಕಟ್ಟಿಕೊಂಡ ಬಳಗವಿದು. ಒಂಬತ್ತನೆಯ ತರಗತಿಯ ಆರು ಮಕ್ಕಳಿಗೆ ಕನ್ನಡ ಓದಿಸುವ ಭಾರ, ನಿವೃತ್ತ ಮೇಷ್ಟ್ರೆಂಬ ತಪ್ಪಿಗೆ, ನನ್ನ ಮೇಲೆ ಬಿತ್ತು. ನಾನು ಕಥೆಯೊಂದನ್ನು ಗಟ್ಟಿಯಾಗಿ ಓದಿ, ಕಡೆಯ ಎರಡು ಪುಟ ಉಳಿದಾಗ ಪುಸ್ತಕ ಮುಚ್ಚುತ್ತಿದ್ದೆ. ಬೇಕಾದವರು ಮನೆಗೆ ಒಯ್ದು ಓದಿಕೊಳ್ಳಬಹುದು. ಹರಿಕಥೆಯ ದಾಸರು ಯುದ್ಧದ ನಟ್ಟನಡುವೆ ನಿಲ್ಲಿಸಿ ಆರತಿ ತಟ್ಟೆ ಕಳಿಸುತ್ತಿದ್ದರು. ಅವರ ಮೇಲೆ ಯಾರೂ ದೂರು ಬರೆದದ್ದು ನಾನು ಕಾಣೆ.

ಮೊದಲ ಮೂರು ವಾರ ಪುಸ್ತಕವನ್ನು ಯಾರೂ ಮುಟ್ಟಲಿಲ್ಲ. ನನ್ನ ಓದಿನ ಮೋಡಿಯ ಬಗ್ಗೆ ನನಗಿದ್ದ ಅಭಿಪ್ರಾಯವನ್ನು ತಿದ್ದಿಕೊಂಡೆ. ನಾಲ್ಕನೆಯ ವಾರ ಅನಘಾ ಎಂಬ ಹುಡುಗಿ, "ಪಛೀ ಶುಂ ಥಯುಂ?" ಎಂದು ಗುಜರಾತಿಯಲ್ಲೇ ಕೇಳಿದಳು. ಆಮೇಲೆ ಏನಾಯಿತು ಎಂಬ ಪ್ರಶ್ನೆ ಯಾವ ಭಾಷೆಯಲ್ಲಿ ಬಂದರೂ ಸ್ವೀಕಾರಾರ್ಹ. ಪುಸ್ತಕ ಕೊಟ್ಟೆ. ಅಕ್ಷರಗಳ ಮೇಲೆ ಬೆರಳಿಟ್ಟು ಎರಡು ಪುಟಕ್ಕೆ ಆರು ದಿನ ತೆಗೆದುಕೊಂಡಳಂತೆ.

ಅವಳ ತಾಯಿ ಲಿಫ್ಟಿನಲ್ಲಿ ನನ್ನನ್ನು ಹಿಡಿದರು. "ಮೇಷ್ಟ್ರೇ, ಮ್ಯಾಥ್ಸ್ ಟೆಸ್ಟ್ ಇಟ್ಕೊಂಡು ಇವಳು ಕುಕ್ಕರ್ ಪಕ್ಕ ಕೂತು ನಿಮ್ಮ ಕಥೆ ಓದ್ತಾಳೆ. ನೀವೇ ಮುಗಿಸ್ಬಿಟ್ರೆ ನಿಮ್ಮ ಗಂಟೇನು ಹೋಗುತ್ತೆ?"

ದೂರು ಕಾರ್ಯದರ್ಶಿಗಳಿಗೆ ತಲುಪಿತು. ಹಿಂದೊಮ್ಮೆ ರಾಜ್ಯೋತ್ಸವದಲ್ಲಿ ನಾನು "ಸಭಿಕರೇ" ಎನ್ನುವಷ್ಟರಲ್ಲಿ ಗಂಟೆ ಬಾರಿಸಿದವರು ಇವರೇ. "ಬೇಜಾರ್ ಮಾಡ್ಕೋಬೇಡಿ ಸರ್, ಪೋರ್ಷನ್ ಕಂಪ್ಲೀಟ್ ಆಗ್ಬೇಕಲ್ವಾ?" ಎಂದರು. ತರಗತಿಯ ಬದಲು ಎಲ್ಲ ಕಥೆಗಳ ಸಾರಾಂಶವನ್ನು, ನೀತಿಸಹಿತ, ಮಕ್ಕಳಿಗೆ ವಾಟ್ಸಾಪ್ ಮಾಡಿದರು. ಪುಸ್ತಕಗಳು ಬಳಗದ ಬೀರುವಿಗೆ ಸೇರಿದವು. ನಾವು ಅರ್ಧಕ್ಕೆ ಬಿಟ್ಟಿದ್ದ ದೋಣಿಯವನ ಕಥೆಯೂ ಅದರೊಳಗೇ ಇದೆ.

ನಿನ್ನೆ ಅನಘಾ ನಮ್ಮ ಮನೆ ಬಾಗಿಲಿಗೆ ಬಂದಳು.

"ತಾತ, ಆ ಬುಕ್ ಕೊಡಿ."

"ಸಾರಾಂಶ ಬಂದಿದೆಯಲ್ಲಮ್ಮ?"

"ಡಿಲೀಟ್ ಮಾಡ್ದೆ. ದೋಣಿಯವನು ವಾಪಸ್ ಬಂದ್ನೋ ಇಲ್ವೋ ನಾನೇ ಓದ್ಬೇಕು. ನೀವೂ ಹೇಳ್ಬೇಡಿ."

ನಾನು ಹೇಳಲಿಲ್ಲ. ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಬಳಗದ ಮಹನೀಯರೇ, ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತಾನಾಗಿ ಬಂದು ಕನ್ನಡ ಪುಸ್ತಕ ಕೇಳಿದ್ದಾಳೆ. ಅಡಾಜಣ್‌ನಲ್ಲಿ ಇದು ಪ್ರತಿದಿನ ನಡೆಯುವ ಸಂಗತಿಯಲ್ಲ. ನಿಮ್ಮ ಸಭೆ ಮುಗಿಯುವವರೆಗೂ ಅವಳ ಕುತೂಹಲ ಕಾದಿರುತ್ತದೆಂದು ನಿಮಗೆ ಹೇಳಿದವರು ಯಾರು?