ಪೆನ್‌ರಿವ್ ಕಂಡಿ ತೆರೆದಿದ್ದ ದಿನ

ವೇಲ್ಸ್‌ನ ಗುಡ್ಡಗಾಡಿನ ಬಗ್ಗೆ ಪ್ರವಾಸಿಗರಿಗೆಂದು ಅಚ್ಚು ಹಾಕಿಸುವ ಪುಸ್ತಿಕೆಗಳಲ್ಲಿ ‘ನಿರ್ಜನ ಬೆಟ್ಟಗಳು’ ಎಂಬ ಮಾತು ತಪ್ಪದೆ ಇರುತ್ತದೆ. ಅದು ಶುದ್ಧ ಸುಳ್ಳು. ಗಾರ್ನ್ ಬೆಟ್ಟದಲ್ಲಿ ಹೆಸರಿಲ್ಲದ ಹಳ್ಳವಿಲ್ಲ, ವಾರಸುದಾರರಿಲ್ಲದ ಕುರಿಯಿಲ್ಲ. ಬೇಲಿ ಕಾಣದಿದ್ದ ಮಾತ್ರಕ್ಕೆ ಅದು ಯಾರದೂ ಅಲ್ಲವೆಂದು ತಿಳಿಯುವುದು ನೋಡುವವರ ಅಜ್ಞಾನವೇ ಹೊರತು ಬೆಟ್ಟದ ತಪ್ಪಲ್ಲ. ಅಲ್ಲಿ ಆರು ಮನೆಗಳ ಕುರಿಗಳು ಒಟ್ಟಿಗೆ ಮೇಯುತ್ತವೆ. ಜುಲೈಯಲ್ಲಿ, ಉಣ್ಣೆ ಕತ್ತರಿಸುವ ಮುನ್ನ, ಆರೂ ಮನೆಯವರು ಒಂದೇ ದಿನ ಮೇಲೆ ಹತ್ತಿ, ದೂರದೂರ ಸಾಲಾಗಿ ನಿಂತು, ಎಲ್ಲ ಕುರಿಗಳನ್ನೂ ಒಟ್ಟಿಗೆ ಇಳಿಸುತ್ತಾರೆ. ಸಾಲಿನಲ್ಲಿ ಯಾರ ಜಾಗ ಯಾವುದೆಂಬುದು ಅಜ್ಜಂದಿರ ಕಾಲದಲ್ಲೇ ತೀರ್ಮಾನವಾದ ಸಂಗತಿ. ಪೂರ್ವದ ತುದಿಯಲ್ಲಿ, ಎರಡು ಬಂಡೆಗಳ ನಡುವೆ, ಆಚೆಯ ಕಣಿವೆಗೆ ಇಳಿಯುವ ಸಂದೊಂದಿದೆ. ಅದು ಪೆನ್‌ರಿವ್ ಕಂಡಿ. ಅದನ್ನು ಕಾಯುವುದು ಪೆನ್‌ರಿವ್ ಮನೆಯವರ ಕೆಲಸ.

ಆ ಸೀಮೆಯಲ್ಲಿ ಮನೆಯ ಹೆಸರಿನಿಂದಲೇ ಮನುಷ್ಯನನ್ನು ಗುರುತಿಸುವುದು. ಹಾಗಾಗಿ ಕಂಡಿ ಕಾಯುತ್ತಿದ್ದವನು ಪೆನ್‌ರಿವ್ ಇದ್ವಲ್. ತಂದೆಗೆ ಉಸಿರಾಟದ ತೊಂದರೆ ಹಿಡಿದ ವರ್ಷ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಂಡಿಯಲ್ಲಿ ನಿಂತವನು ಅರವತ್ತೆಂಟು ದಾಟುವವರೆಗೂ ಒಂದು ಬೇಸಿಗೆಯನ್ನೂ ತಪ್ಪಿಸಿರಲಿಲ್ಲ. ಅದನ್ನು ಬಿಟ್ಟರೆ ಅವನ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇರಲಿಲ್ಲ. ಪ್ರಾರ್ಥನಾ ಮಂದಿರದಲ್ಲಿ ಅವನು ಹಿರಿಯನಾಗಲಿಲ್ಲ. ನಾಯಿಗಳ ಪಂದ್ಯದಲ್ಲಿ ಗೆಲ್ಲಲಿಲ್ಲ. ಅವನ ಟಗರುಗಳು ಸಂತೆಯಲ್ಲಿ ನಡುಮಟ್ಟದ ಬೆಲೆಗೆ ಹೋಗುತ್ತಿದ್ದವು. ನಾಲ್ಕು ಜನ ಸೇರಿದ ಕಡೆ ಅವನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

ಹಳೆಯ ದನದ ಕೊಟ್ಟಿಗೆಯನ್ನು ಅತಿಥಿಗಳ ಕೋಣೆಯಾಗಿ ಮಾಡಿಸಿದ ಮೇಲೆ ಬರ್ಮಿಂಗ್‌ಹ್ಯಾಮ್‌ನಿಂದ ವಿಟ್‌ಕೂಂಬ್ ದಂಪತಿ ಬರತೊಡಗಿದರು. ಅವರು ಅವನನ್ನು ಪ್ರಶ್ನೆ ಕೇಳಿದರು. ಕೇಳಿ, ಉತ್ತರಕ್ಕಾಗಿ ಕಾದರು. ಕುರಿಯ ಕಿವಿಯ ಗುರುತು ಯಾವ ಮನೆಯದು ಹೇಗಿರುತ್ತದೆ, ಜರೀಗಿಡ ಯಾವಾಗ ಕೆಂಪಾಗುತ್ತದೆ, ಇವೆಲ್ಲವೂ ಅವರಿಗೆ ಅಚ್ಚರಿ. ಅವನು ಬಾಯಿ ತೆರೆದರೆ ಶ್ರೀಮತಿ ವಿಟ್‌ಕೂಂಬ್ ಚಹಾದ ಬಟ್ಟಲನ್ನು ಸದ್ದಾಗದಂತೆ ಕೆಳಗಿಡುತ್ತಿದ್ದಳು. ಮೂರನೆಯ ವರ್ಷ ಬಂದಾಗ ಅವರು ಅವನನ್ನು ‘ನಮ್ಮ ಕುರುಬ’ ಎನ್ನುತ್ತಿದ್ದರು. ಅದು ಅವನಿಗೆ ಹಿತವಾಗಿತ್ತು. ಎಷ್ಟು ಹಿತವಾಗಿತ್ತೆಂಬುದನ್ನು ಅವನು ಹೆಂಡತಿ ಮೆನ್ನಾಗೆ ಹೇಳಿರಲಿಲ್ಲ. ಅವಳಿಗೆ ಹೇಳಬೇಕಾಗಿಯೂ ಇರಲಿಲ್ಲ.

ಆ ಜುಲೈಯಲ್ಲಿ ಕುರಿ ಇಳಿಸುವುದು ಮಂಗಳವಾರವೆಂದು ನಿಗದಿಯಾಗಿತ್ತು. ಮಂಗಳವಾರ ಮಂಜು. ಬುಧವಾರವೂ ಮಂಜು. ಮಂಜಿದ್ದರೆ ಇಳಿಸುವುದಿಲ್ಲ, ತುದಿ ತಿಳಿಯಾದ ಮೊದಲ ಮುಂಜಾನೆ ಎಲ್ಲರೂ ತಾವಾಗಿ ಹತ್ತುತ್ತಾರೆ. ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಫೋನ್ ಮಾಡಿದರೆ, ನಿನಗೆ ನಿನ್ನ ಬೆಟ್ಟವನ್ನು ನೋಡಲು ಬಾರದೆಂದು ಮುಖದ ಮೇಲೆ ಹೇಳಿದಂತೆ. ಇತ್ತ ಗುರುವಾರ ಲಾನ್‌ವೀರಿಯ ಕುರಿ ಸಂತೆಗೆ ಕರೆದೊಯ್ಯುತ್ತೇನೆಂದು ಇದ್ವಲ್ ವಿಟ್‌ಕೂಂಬ್ ದಂಪತಿಗೆ ಮಾತು ಕೊಟ್ಟಿದ್ದ.

ಗುರುವಾರ ಬೆಳಗಿನ ಜಾವ ಅವನು ಅಂಗಳಕ್ಕೆ ಬಂದಾಗ ಕಣಿವೆ ಹಾಲಿನ ಪಾತ್ರೆಯಂತೆ ಮಂಜಿನಿಂದ ತುಂಬಿತ್ತು. ಮೇಲೆ ಗಾರ್ನ್‌ನ ತುದಿ, ಬಂಡೆ ಬಂಡೆಯೂ ಎಣಿಸುವಂತೆ, ಸ್ವಚ್ಛವಾಗಿ ನಿಂತಿತ್ತು. ಇಳಿಸಲು ಇದಕ್ಕಿಂತ ಒಳ್ಳೆಯ ದಿನವಿಲ್ಲ. ಅವನ ನಾಯಿ ಫ್ಲೈ ಆಗಲೇ ಬೆಟ್ಟದ ಗೇಟಿನ ಬಳಿ ಹೋಗಿ ಕುಳಿತಿತ್ತು.

ಮೆನ್ನಾ ಬಾಗಿಲಲ್ಲಿ ನಿಂತು ಹೇಳಿದಳು: “ತುದಿ ಕಾಣ್ತಿದೆ.”

“ಕಾಣತ್ತೆ. ಹತ್ತು ಗಂಟೆಗೆಲ್ಲಾ ಮತ್ತೆ ಮುಚ್ಕೊಳತ್ತೆ.”

“ಯಾರು ಹೇಳಿದ್ರು?”

“ನಾನು ಹೇಳ್ತಿದೀನಲ್ಲ.”

“ಅತಿಥಿಗಳಿಗೆ ಇವತ್ತಾಗಲ್ಲ ಅಂದ್ರಾಯ್ತು. ಸಂತೆ ಏನು ಓಡಿಹೋಗತ್ತಾ, ಮುಂದಿನ ಗುರುವಾರನೂ ಇರತ್ತೆ.”

“ಮಾತು ಕೊಟ್ಟಿದೀನಿ ಮೆನ್ನಾ.”

“ಇಲ್ಲಿ ಕೊಟ್ಟಿರೋದು ಏನು ಹಾಗಾದ್ರೆ?” ಎಂದು ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ, ಹಿಂದಿನ ದಿನವೇ ಮಾಡಿಟ್ಟಿದ್ದ ಮಾಂಸದ ಕಡುಬನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಇಳಿಸುವವರಿಗೆ ಅಡಿಗೆಯಾಗುವ ಹಾವೊದ್ ಮನೆಯತ್ತ ಒಬ್ಬಳೇ ನಡೆದಳು. ಇದ್ವಲ್ ಫ್ಲೈಯನ್ನು ಕರೆದು ಕಟ್ಟಿದ. ಎರಡು ಸಲ ಕರೆಯಬೇಕಾಯಿತು.

ಲಾನ್‌ವೀರಿ ದೊಡ್ಡ ಊರಲ್ಲ: ಗಡಿಯಾರದ ಗೋಪುರ, ಎರಡು ಹೆಂಡದಂಗಡಿ, ರಬ್ಬರು ಬೂಟು ಮಾರುವ ಒಂದು ಅಂಗಡಿ, ಮತ್ತು ಸಂತೆಯಲ್ಲಿ ಕುರಿ ಕೂಡುವ ಕಬ್ಬಿಣದ ಕಟಾಂಜನಗಳು. ಸಂತೆಗೆ ಬರುವಾಗ ಸುಮ್ಮನೆ ಮೂಲೆಯಲ್ಲಿ ನಿಲ್ಲುತ್ತಿದ್ದ ಇದ್ವಲ್ ಅಂದು ನಡುದಾರಿಯಲ್ಲಿ ನಡೆದ. ಕೋಲಿನಿಂದ ಕುರಿಗಳನ್ನು ತೋರಿಸಿ, ಬಾಯಿ ಬಿಡಿಸಿ ಹಲ್ಲು ತೋರಿಸಿ, ಬೆನ್ನು ಒತ್ತಿ ವಿವರಿಸಿದ. ಕೆಲವು ಸಂಗತಿಗಳನ್ನು ಇದ್ದದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಹೇಳಿದ. ಶ್ರೀಮಾನ್ ವಿಟ್‌ಕೂಂಬ್ ಫೋಟೋ ತೆಗೆದ.

ಹರಾಜು ಕೂಗುವ ಟೆಕ್ವಿನ್ ಕಟಾಂಜನಗಳ ಮೇಲಿನ ಹಲಗೆಯಲ್ಲಿ ಧ್ವನಿವರ್ಧಕ ಹಿಡಿದು ನಡೆಯುತ್ತ ಬರುತ್ತಿದ್ದ. ಇದ್ವಲ್‌ನನ್ನು ಕಂಡವನೇ ನಿಂತು, ಇಡೀ ಸಂತೆಗೆ ಕೇಳುವಂತೆ ವೆಲ್ಷ್‌ನಲ್ಲಿ ಹೇಳಿದ:

“ಏನು ಪೆನ್‌ರಿವ್, ನೀನಿಲ್ಲಿ? ಗಾರ್ನ್ ತುದಿ ಬೆಳಿಗ್ಗೆಯಿಂದ ಬೋಳುತಲೆ ಹಾಗೆ ಹೊಳೀತಿದೆ. ಕುರಿಗಳು ತಾವೇ ಇಳ್ಕೊಂಡ್ ಬರ್ತಾವಾ ಈ ವರ್ಷ?”

ನಗು ಎದ್ದಿತು. ಆಮೇಲೆ ನಗು ನಿಂತಿತು, ಏಕೆಂದರೆ ಅಲ್ಲಿದ್ದವರೆಲ್ಲ ಕುರಿ ಸಾಕುವವರು, ಮಾತಿನ ಅರ್ಥ ಅವರಿಗೆ ನಿಧಾನವಾಗಿ ಇಳಿಯಿತು. ಕಟಾಂಜನಕ್ಕೆ ಒರಗಿದ್ದ ಮುಖಗಳು ಒಂದೊಂದಾಗಿ ಅವನತ್ತ ತಿರುಗಿ, ಸಭ್ಯತೆಯಿಂದ ಮತ್ತೆ ಕುರಿಗಳತ್ತ ತಿರುಗಿದವು. ಇದ್ವಲ್‌ನ ಕಿವಿಯ ತುದಿಯವರೆಗೆ ರಕ್ತ ಏರಿತು.

“ಅವರು ಏನೆಂದರು?” ಎಂದು ಶ್ರೀಮತಿ ವಿಟ್‌ಕೂಂಬ್ ಕೇಳಿದಳು.

“ನಿಮ್ಮನ್ನ ಸ್ವಾಗತಿಸಿದ,” ಎಂದ ಇದ್ವಲ್.

ಅವಳು ಹಲಗೆಯತ್ತ ನೋಡಿ ಕೈ ಬೀಸಿದಳು. ಟೆಕ್ವಿನ್ ಏನೂ ತಿಳಿಯದೆ ಟೋಪಿ ಎತ್ತಿದ.

ಸಂತೆಯ ಊಟದ ಮನೆಯಲ್ಲಿ ಇದ್ವಲ್ ಹುರಿದ ಮಾಂಸವನ್ನು ತಟ್ಟೆಯಲ್ಲೇ ಬಿಟ್ಟ. ಆಗಲೇ ಎದ್ದು ಹೊರಟಿದ್ದರೂ ಬೆಟ್ಟ ಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಹಾಗೆಂದು ತನಗೆ ತಾನೇ ಹೇಳಿಕೊಂಡು ಅವನು ಅತಿಥಿಗಳಿಗೆ ಗಡಿಯಾರದ ಗೋಪುರವನ್ನೂ ತೋರಿಸಿದ.

ಸಂಜೆ ಮೆನ್ನಾ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಸಾಲು ಒಡೆದುಹೋಯ್ತು,” ಎಂದಳು. “ಬ್ರಿನ್‌ದಿ ಮನೆ ಗೆಥಿನ್ ಕುರಿಗಳು ಹೆಚ್ಚುಕಮ್ಮಿ ಎಲ್ಲಾ ಕಂಡೀಲಿ ನುಗ್ಗಿ ಆಚೆ ಕಣಿವೆಗೆ ಹೋದ್ವಂತೆ. ಮರಿಗಳು ಈ ಕಡೆ ಉಳ್ಕೊಂಡು ಅರಚ್ತಿದಾವೆ. ಎಲೀನೆದ್ ಕೋಲು ಊರ್ಕೊಂಡು ಕಂಡಿ ಕಡೆ ಓಡಕ್ಕೆ ನೋಡಿದ್ರು. ಎಂಬತ್ತಕ್ಕೆ ಒಂದೇ ಕಮ್ಮಿ ಅವರಿಗೆ.”

“ನಿನ್ನ ಏನಾದ್ರೂ ಕೇಳಿದ್ರಾ?”

“ಯಾರೂ ಏನೂ ಕೇಳ್ಲಿಲ್ಲ. ಕಡುಬು ಚೆನ್ನಾಗಿದೆ ಅಂದ್ರು.”

ಎಲೀನೆದ್ ಹಾವೊದ್ ಮನೆಯ ಒಡತಿ. ಗಂಡ ತೀರಿಕೊಂಡ ಮೇಲೆ ಇಳಿಸುವ ಸಾಲಿನ ಯಜಮಾನಿಕೆ ಅವಳದೇ. ಇದ್ವಲ್ ಅವಳ ಅಡಿಗೆಮನೆಗೆ ಹೋದಾಗ ಗೆಥಿನ್ ಅಲ್ಲಿಯೇ ಒಲೆಯ ಬಳಿ ಕುಳಿತಿದ್ದ. ಅವನು ಇದ್ವಲ್‌ಗಿಂತ ಇಪ್ಪತ್ತು ವರ್ಷ ಚಿಕ್ಕವನು, ಒಳ್ಳೆಯ ಕುರಿಗಾರ, ಮಾತು ಕಡಿಮೆ.

ಇದ್ವಲ್ ಟೋಪಿ ತೆಗೆದು ಹೇಳಿದ: “ನಮ್ಮ ಕಡೆಯಿಂದ ಮಂಜೇ ಕಾಣ್ತಿತ್ತು. ಪೂರ್ತಿ ಮಂಜು.”

“ಹೌದಾ,” ಎಂದ ಗೆಥಿನ್. “ನಮ್ಮ ಕಡೆ ಬಿಟ್ಟಿತ್ತು.”

“ಹಾಗೂ ಆಗತ್ತೆ,” ಎಂದಳು ಎಲೀನೆದ್. “ಚಹಾ ಕುಡೀ.”

ಆಮೇಲೆ ಹುಲ್ಲು ಕೊಯ್ಯುವ ಮಾತು ಬಂತು. ಇದ್ವಲ್ ಚಹಾ ಕುಡಿದ, ಎದ್ದ. ಅವನ ಸುಳ್ಳನ್ನು ಅವರು ಅಷ್ಟು ಸುಲಭವಾಗಿ ತೆಗೆದುಕೊಂಡದ್ದು ಅವನಿಗೆ ಮೊದಲು ಸಮಾಧಾನವೆನಿಸಿತು. ಮನೆಯ ಗೇಟು ತಲುಪುವಷ್ಟರಲ್ಲಿ ಅದೇ ಅಸಹ್ಯವೆನಿಸಿತು.

ಮರುದಿನದಿಂದ ಬಿಸಿಯಾದ ಮಳೆ ಹಿಡಿಯಿತು. ನೆನೆದ ಉಣ್ಣೆ ಹೊತ್ತ ಕುರಿಗೆ ಇಂಥ ಸೆಕೆಯ ಮಳೆಗಿಂತ ಕೆಟ್ಟದ್ದಿಲ್ಲ: ನೊಣ ಉಣ್ಣೆಯಲ್ಲಿ ಮೊಟ್ಟೆಯಿಡುತ್ತದೆ, ಹುಳ ಬಿದ್ದು ಜೀವಂತ ಚರ್ಮವನ್ನೇ ತಿನ್ನುತ್ತದೆ. ಸರಿಯಾದ ದಿನ ಇಳಿದು ಉಣ್ಣೆ ಕತ್ತರಿಸಿಕೊಂಡ ಕುರಿಗೆ ಈ ಪಾಡಿಲ್ಲ. ಕಂಡಿ ದಾಟಿ ಹೋದ ಕುರಿಗಳನ್ನು ಆಚೆ ಕಣಿವೆಯವರು ಕಣ್ಣಿಗೆ ಬಿದ್ದಷ್ಟು ಮಟ್ಟಿಗೆ ಬೆಟ್ಟಕ್ಕೆ ಹತ್ತಿಸಿ ಬಿಟ್ಟರು. ಗೆಥಿನ್‌ನ ಎರಡು ಕುರಿ ಜರೀಗಿಡಗಳ ನಡುವೆ ಸತ್ತು ಬಿದ್ದಿದ್ದವೆಂದೂ ಅವರೇ ಸುದ್ದಿ ಕಳಿಸಿದರು. ಇದ್ವಲ್ ಆ ದಿನಗಳಲ್ಲಿ ಅತಿಥಿಗಳಿಗೆ ಬೆಳಗಿನ ತಿಂಡಿ ಕೊಡುವಾಗ ಹೆಚ್ಚು ಮಾತಾಡಲಿಲ್ಲ. ಅವರು ಇನ್ನೂ ಒಂದು ವಾರ ಇರುವವರಿದ್ದರು.

ಬುಧವಾರ ಬೆಳಗಿನ ಜಾವ ಮಂಜು ಬಿಟ್ಟು ತುದಿ ಕಂಡಿತು, ಕುರಿಗಳನ್ನು ಮತ್ತೆ ಇಳಿಸುವ ದಿನ. ಎಲ್ಲರಿಗಿಂತ ಮೊದಲು ತಲುಪಬೇಕೆಂದು ಇದ್ವಲ್ ಹೊರಟ. ಆದರೂ ಬೆಟ್ಟದ ಗೇಟಿನಲ್ಲಿ ಎಲೀನೆದ್, ಗೆಥಿನ್ ಮತ್ತು ಗೆಥಿನ್‌ನ ಮಗಳು ಲೌರಿ ಆಗಲೇ ನಿಂತಿದ್ದರು. ಲೌರಿ ಕಾಲೇಜು ಮುಗಿಸಿ ಹೊಲಕ್ಕೆ ಮರಳಿದವಳು. ಎರಡು ನಾಯಿಗಳೊಡನೆ ಅವಳು ಪೂರ್ವದ ದಾರಿಯಲ್ಲಿ, ಕಂಡಿಯ ದಿಕ್ಕಿಗೆ ಮುಖ ಮಾಡಿ ನಿಂತಿದ್ದಳು.

ಎಲೀನೆದ್ ಮೃದುವಾಗಿಯೇ ಹೇಳಿದಳು: “ನಿನಗೆ ಅತಿಥಿಗಳಿದ್ದಾರೆ ಇದ್ವಲ್. ಹೋಗಿ ಅವರನ್ನ ನೋಡ್ಕೋ. ಲೌರಿ ನಿಲ್ತಾಳೆ.”

ಅವಳು ಬೈದಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲವೇನೋ.

“ನಾನು ನೋಡಿದ್ದೆ,” ಎಂದ. “ಗುರುವಾರ. ತುದಿ ಬಿಟ್ಟಿದ್ದು ನನಗೆ ಕಾಣ್ತಿತ್ತು. ಮಂಜು ಅಂದದ್ದು ಸುಳ್ಳು.”

ಯಾರೂ ಅಚ್ಚರಿಪಡಲಿಲ್ಲ. ಗೆಥಿನ್ ಬೂಟಿನ ದಾರ ಬಿಗಿಯುತ್ತ, ಬಗ್ಗಿದ್ದಲ್ಲಿಂದಲೇ ಹೇಳಿದ:

“ಗೊತ್ತು. ಕಣಿವೇಲೂ ಮಂಜು ಕರಗಿದಾಗ ನಾವೆಲ್ಲಾ ಮೇಲೆ ಸಾಲಲ್ಲಿ ನಿಂತಿದ್ವಿ. ನಿನ್ನ ಕಾರು ಲಾನ್‌ವೀರಿ ರಸ್ತೇಲಿ ಹೋಗೋದು ಕಾಣ್ತಿತ್ತು. ತಿರುವುತಿರುವಿಗೂ ಕಾಣ್ತಿತ್ತು. ವಾಪಸ್ ತಿರುಗಿಸ್ತೀಯೇನೋ ಅಂತ ಸ್ವಲ್ಪ ಹೊತ್ತು ಕಾದ್ವಿ.”

ಹಾಗಾದರೆ ಆ ಸಂಜೆ ಇದ್ವಲ್ ಟೋಪಿ ಹಿಡಿದು ಮಂಜಿನ ಕಥೆ ಹೇಳುತ್ತಿದ್ದಾಗ ಇಬ್ಬರೂ ಎಲ್ಲವನ್ನೂ ತಿಳಿದೇ ಕೇಳುತ್ತಿದ್ದರು. ತಿಳಿದೂ ಚಹಾ ಬಗ್ಗಿಸಿದ್ದರು.

“ಆವತ್ತೇ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳೋದು?” ಎಂದಳು ಎಲೀನೆದ್. “ನಿಮ್ಮಪ್ಪನ ಜೊತೆ ಬೆಟ್ಟ ಹತ್ತಿದವಳು ನಾನು. ಅವನ ಮಗನಿಗೆ ನೀನು ಸುಳ್ಳ ಅನ್ನೋ ಮಾತು ನನ್ನ ಬಾಯಲ್ಲಿ ಬರ್ಲಿಲ್ಲ. ನೀನೇ ಹೇಳ್ಬೇಕಿತ್ತು. ಈಗ ಹೇಳ್ದೆ. ಆಯ್ತು.” ಗೇಟು ತೆರೆಯುತ್ತ ಸೇರಿಸಿದಳು: “ಕಂಡೀಲಿ ಲೌರಿನೇ ಇರ್ಲಿ. ನೀನು ಕೆಳಗೆ ದೊಡ್ಡಿ ಗೇಟು ನೋಡ್ಕೋ. ಶರತ್ಕಾಲದಲ್ಲಿ ಇಳಿಸೋವಾಗ ನಾನೇ ಫೋನ್ ಮಾಡ್ತೀನಿ ನಿನಗೆ.”

ಲೌರಿ ನೆಲ ನೋಡಿದಳು. ದೊಡ್ಡಿಯ ಗೇಟು ಕಾಯುವುದು ಮಂಡಿ ಹೋದ ಮುದುಕರ ಕೆಲಸ. ಫೋನ್ ಮಾಡಿ ಕರೆಸಿಕೊಳ್ಳುವುದು ಅದಕ್ಕಿಂತಲೂ ಕೆಳಗಿನದು. ಇದ್ವಲ್ “ಆಗಲಿ” ಎಂದು, ಫ್ಲೈಯನ್ನು ಲೌರಿಯ ಹಿಂದೆ ಹೋಗೆಂದು ಕೈ ತೋರಿಸಿದ. ಅದು ಅವನ ಮುಖವನ್ನೊಮ್ಮೆ ನೋಡಿ ಅವಳ ಜೊತೆ ಹತ್ತಿತು.

ಸಾಲು ಈ ಸಲ ಒಡೆಯಲಿಲ್ಲ. ಕುರಿಗಳು ಹೊಳೆಯಂತೆ ಇಳಿದು ಬಂದವು. ಮೊದಲ ಗುಂಪು ಒಳಗೆ ಸೇರಿದ ಮೇಲೆ ಗೆಥಿನ್ ಹುಳ ಬಿದ್ದ ಒಂದು ಕುರಿಯನ್ನು ಹಿಡಿದು ಗೇಟಿನ ಬಳಿ ಕೆಡವಿದ.

“ಹಿಡ್ಕೋ,” ಎಂದ.

ಇದ್ವಲ್ ಮಂಡಿಯೂರಿ ಹಿಡಿದುಕೊಂಡ. ಗೆಥಿನ್ ಉಣ್ಣೆ ಕತ್ತರಿಸುತ್ತ ಹೋದಂತೆ ಅಂಗೈಯಗಲದ ಹಸಿ ಗಾಯ ಬಯಲಾಯಿತು. ಅದರಲ್ಲಿ ಬಿಳಿಯ ಹುಳಗಳು ಗಿಜಿಗುಟ್ಟುತ್ತಿದ್ದವು. ವಾಸನೆ ಮೂಗಿಗೆ ಹೊಡೆದರೂ ಇದ್ವಲ್ ಮುಖ ತಿರುಗಿಸಲಿಲ್ಲ. ಕುರಿ ನಡುಗುತ್ತಿತ್ತು.

“ಗಟ್ಟಿಯಾಗಿ,” ಎಂದ ಗೆಥಿನ್. ಮದ್ದು ಸುರಿದು, ಕುರಿಯನ್ನು ಬಿಟ್ಟು, ಮತ್ತೆ ಮೇಲೆ ಹತ್ತಿದ.

ಅಷ್ಟರಲ್ಲಿ ವಿಟ್‌ಕೂಂಬ್ ದಂಪತಿ ಹೊಲದ ದಾರಿಯಲ್ಲಿ ನಡೆದು ಬಂದರು, ಕ್ಯಾಮೆರಾ ಸಮೇತ. ಮೆನ್ನಾ ಬೇಡವೆಂದಿದ್ದರೂ ಬಂದಿದ್ದರು. ಇಳಿದು ಬಂದಿದ್ದ ಎಲೀನೆದ್ ಮತ್ತು ಇನ್ನಿಬ್ಬರು ಗೋಡೆಗೆ ಒರಗಿ ನಿಂತಿದ್ದರು.

“ಇದೆಲ್ಲ ನಿಮ್ಮ ನೇತೃತ್ವದಲ್ಲಿ ನಡೆಯುವುದೇ?” ಎಂದು ಶ್ರೀಮತಿ ವಿಟ್‌ಕೂಂಬ್ ಇಂಗ್ಲಿಷಿನಲ್ಲಿ ಕೇಳಿದಳು. “ಅಲ್ಲಿಯೇ ನಿಲ್ಲಿ, ಒಂದು ಫೋಟೋ.”

ಇದ್ವಲ್ ಹುಳದ ಮದ್ದು ಅಂಟಿದ್ದ ಕೈಗಳನ್ನು ಕೆಳಗಿಳಿಸಿದ. ಗೋಡೆಯ ಬಳಿ ಇದ್ದವರಿಗೆಲ್ಲ ಇಂಗ್ಲಿಷ್ ಬರುತ್ತಿತ್ತು.

“ಇಲ್ಲಮ್ಮಾ. ನೇತೃತ್ವ ಅವರದು,” ಎಂದು ಎಲೀನೆದ್‌ಳನ್ನು ತೋರಿಸಿದ. “ನನಗೊಂದು ಜಾಗ ಇತ್ತು, ಮೇಲೆ. ಹೋದ ಗುರುವಾರ ಅಲ್ಲಿರಬೇಕಿತ್ತು, ನಿಮ್ಮ ಜೊತೆ ಸಂತೆಗೆ ಬಂದೆ. ಕುರಿ ಚದುರಿ ಹೋದವು. ಎರಡು ಸತ್ತವು. ಆ ಹರಾಜಿನವನು ನಿಮಗೆ ಸ್ವಾಗತ ಹೇಳ್ಲಿಲ್ಲ. ನೀನಿಲ್ಲಿ ಏನು ಮಾಡ್ತಿದೀಯ ಅಂತ ನನ್ನ ಕೇಳಿದ.”

ಶ್ರೀಮಾನ್ ವಿಟ್‌ಕೂಂಬ್ ಕ್ಯಾಮೆರಾವನ್ನು ಎದೆಗೆ ಇಳಿಸಿದ. ಅವನ ಹೆಂಡತಿ ಏನನ್ನೋ ಹೇಳಹೊರಟು, ತಾನು ಅಂದು ಹಲಗೆಯತ್ತ ಕೈ ಬೀಸಿದ್ದು ನೆನಪಾಗಿ, ಕೆನ್ನೆ ಮುಟ್ಟಿಕೊಂಡಳು. “ನೀವು ಒಂದು ಮಾತು ಹೇಳಿದ್ದರೆ ನಾವು ಯಾವ ದಿನವಾದರೂ ಹೋಗುತ್ತಿದ್ದೆವು,” ಎಂದಳು.

“ಗೊತ್ತು,” ಎಂದ ಇದ್ವಲ್. ಅದು ಅವನಿಗೆ ನಿಜವಾಗಿಯೂ ಗೊತ್ತಿತ್ತು. ಗುರುವಾರ ಬೆಳಿಗ್ಗೆಯೂ ಗೊತ್ತಿತ್ತು.

ಮೇಲಿನಿಂದ ಎರಡನೆಯ ಗುಂಪಿನ ಗದ್ದಲ ಹತ್ತಿರವಾಗುತ್ತಿತ್ತು. ನಡುವೆ ಲೌರಿಯ ಸಿಳ್ಳೆ ಕೇಳಿಸಿತು.

“ಗೇಟು, ಇದ್ವಲ್,” ಎಂದಳು ಎಲೀನೆದ್.

ಅವನು ಅತಿಥಿಗಳಿಗೆ ಬದಿಗೆ ಸರಿಯಲು ಹೇಳಿ, ಅಗುಳಿ ಎಳೆದು, ಗೇಟನ್ನು ಪೂರ್ತಿ ತೆರೆದು, ಅದರ ಹಿಂದೆ ನಿಂತ.